ಗಿರಿಜೆ ಮಾಡದ ಟೀ

ಟೀ ಮಾಡಲು ಬಾರದ ಗಂಡಸರ ಸಂಘವೊಂದು ತುಮಕೂರಿನಲ್ಲಿದ್ದರೆ ಅದರ ಆಜೀವ ಅಧ್ಯಕ್ಷನಾಗಿ ನಾನು ಅವಿರೋಧವಾಗಿ ಆಯ್ಕೆಯಾಗುವುದರಲ್ಲಿ ಸಂಶಯವಿಲ್ಲ. ಆದರೂ ನೋಡಿ, ನನ್ನ ಸ್ವಾವಲಂಬನೆಯನ್ನು ಈವರೆಗೆ ಯಾರೂ ಅಳೆದಿಲ್ಲ. ಮೇಷ್ಟರ ಕೆಲಸ ಕೊಟ್ಟು, ಈಗ ಪಿಂಚಣಿಯನ್ನೂ ಕೊಟ್ಟು ಗೌರವವಾಗಿಯೇ ಇಟ್ಟಿದ್ದಾರೆ. ಅಳತೆಗೋಲಿಗೆ ಸಿಕ್ಕಿದವಳು ಗುಬ್ಬಿಯಲ್ಲಿರುವ ನನ್ನ ತಂಗಿಯ ಮಗಳು ಗಿರಿಜೆ. ಇಪ್ಪತ್ತರ ಹುಡುಗಿ, ಕಲಿಯುವುದು ನಿಧಾನ, ಮಾತು ಅದಕ್ಕಿಂತ ನಿಧಾನ. ವೈದ್ಯರು ಅದಕ್ಕೆ ಬೌದ್ಧಿಕ ಅಂಗವೈಕಲ್ಯವೆಂದು ಹೆಸರಿಟ್ಟಿದ್ದಾರೆ.

‘ನಾನ್ ಹೋದ್ಮೇಲೆ ಇವಳ ಗತಿ ಏನಣ್ಣ?’ ಎಂದು ಕೊರಗುತ್ತಿದ್ದ ತಂಗಿಗೆ, ಮಗಳನ್ನು ತುಮಕೂರಿನ ತರಬೇತಿ ಕೇಂದ್ರವೊಂದಕ್ಕೆ ಸೇರಿಸುವ ಹಂಬಲ. ಅದಕ್ಕೆ ಮೊದಲು ದೈನಂದಿನ ಕೌಶಲಗಳ ಮೌಲ್ಯಮಾಪನವಾಗಬೇಕಂತೆ. ಮೌಲ್ಯಮಾಪಕರೋ, ಮಾಪನವನ್ನಷ್ಟೇ ಕಲಿತು ಮೌಲ್ಯವನ್ನು ಕಾಲೇಜಿನಲ್ಲೇ ಮರೆತುಬಂದ ಮಹನೀಯರು. ಎದುರಿಗೇ ಕೂತಿದ್ದ ಗಿರಿಜೆ ಯಾರೋ ಬಿಟ್ಟುಹೋದ ಪಾರ್ಸಲ್ಲೆಂಬಂತೆ, ಎಲ್ಲವನ್ನೂ ತಂಗಿಯನ್ನೇ ಕೇಳಿದರು: ‘ಫೋರ್ಕಲ್ಲಿ ತಿಂತಾಳಾ? ಲಿಫ್ಟಲ್ಲಿ ಒಬ್ಳೇ ಹೋಗ್ತಾಳಾ?’ ಮುದ್ದೆಗೆ ಫೋರ್ಕು ಚುಚ್ಚುವ ದೃಶ್ಯವನ್ನು ಕಲ್ಪಿಸಿಕೊಂಡು, ಅವರ ಜೊತೆಗೆ ಹೋಗಿದ್ದ ನಾನು ಕೆಮ್ಮಿದೆ. ಲಿಫ್ಟಿಗಾದರೂ ನಮ್ಮ ಗುಬ್ಬಿಯ ಬೀದಿಯಲ್ಲಿ ಮಹಡಿಗಳು ಬೇಡವೆ? ತಂಗಿ ಮಾತ್ರ ಅಪರಾಧಿಯಂತೆ ‘ಇಲ್ಲ ಸಾರ್, ಇಲ್ಲ ಸಾರ್’ ಅನ್ನುತ್ತಲೇ ಇದ್ದಳು.

ಕೊನೆಗೆ ಕರೆಂಟಿನ ಕೆಟಲನ್ನೂ ಹಾಲನ್ನೂ ಮುಂದಿಟ್ಟು ಗಿರಿಜೆಗೆ ಆಜ್ಞೆಯಾಯಿತು: ‘ಟೀ ಮಾಡಮ್ಮ.’

‘ಯಾರ್ಗೆ?’

‘ಯಾರ್ಗೂ ಅಲ್ಲ. ಸುಮ್ನೆ ಮಾಡಿ ತೋರ್ಸು.’

‘ಯಾರೂ ಕುಡಿಯಲ್ವಾ? ಹಾಲು ವೇಸ್ಟ್ ಆಯ್ತದೆ. ನಾನ್ ಮಾಡಲ್ಲ.’

ಮಹನೀಯರು ಸೊನ್ನೆ ಕೊಟ್ಟರು. ವಿಧೇಯತೆಯನ್ನೇ ಸ್ವಾವಲಂಬನೆಯೆಂದು ಭ್ರಮಿಸಿದವರ ಕೈಗೆ ಅಳತೆಗೋಲು ಸಿಕ್ಕರೆ, ಅಳೆಯುವವರೇ ಗಿಡ್ಡರಾಗಿ ಕಾಣುತ್ತಾರೆ. ‘ಈ ವರ್ಷ ಸೀಟ್ ಆಗಲ್ಲಮ್ಮ’ ಎಂದರು. ತಂಗಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಗಿರಿಜೆ ಎದ್ದು ನಿಂತಳು. ‘ನಂಗೆ ಇಲ್ಲಿ ಬ್ಯಾಡ. ಕುಣಿಗಲ್ ಅತ್ತೆ ಅಂಗ್ಡೀಗೆ ಹೋಗ್ತೀನಿ.’

‘ಮೊದ್ಲೇ ಹೇಳಕ್ಕೇನಾಗಿತ್ತೇ?’ ತಂಗಿ ಗದರಿದಳು.

‘ಯಾರ್ ಕೇಳಿದ್ರಿ?’

ಮಹನೀಯರು ಕೆಟಲಿನ ವೈರನ್ನು ಸುತ್ತಿಡತೊಡಗಿದರು.

ಕುಣಿಗಲ್ಲಿನಲ್ಲಿ ಅವಳ ಸೋದರತ್ತೆಯ ಹೊಲಿಗೆ ಅಂಗಡಿಯಿದೆ. ಗಿರಿಜೆ ಈಗ ಅಲ್ಲೇ ಇದ್ದುಕೊಂಡು ಬ್ಲೌಸುಗಳಿಗೆ ಹುಕ್ಕು ಹಾಕುತ್ತಾಳೆ. ತಪ್ಪಿದರೆ ಬಿಚ್ಚುತ್ತಾಳೆ, ನಿಧಾನವಾಗಿ ಮತ್ತೆ ಹಾಕುತ್ತಾಳೆ. ಊಟವಾಯಿತೇ, ತಲೆ ಬಾಚಿದೆಯಾ ಎಂದು ಗಳಿಗೆಗೊಮ್ಮೆ ಫೋನ್ ಮಾಡುತ್ತಾ ಗುಬ್ಬಿಯಲ್ಲಿ ಚಡಪಡಿಸುವವಳು ತಂಗಿಯೇ. ಮೊನ್ನೆ ಅವಳು ಹಾಗೆ ಫೋನ್ ಮಾಡಿದಾಗ ನಾನೂ ಪಕ್ಕದಲ್ಲಿದ್ದೆ. ಆ ಕಡೆಯಿಂದ ಗಿರಿಜೆಯ ದನಿ, ಎಂದಿನಂತೆ ಒಂದೊಂದೇ ಪದವಾಗಿ, ಕೇಳಿಸಿತು: ‘ಅಮ್ಮಾ, ಕೆಲ್ಸ ಐತೆ. ಆಮೇಲೆ ನಾನೇ ಮಾಡ್ತೀನಿ. ಈಗ ಇಡು.’