ಅಣ್ಣ ನಿಂತು ಹಾಕಿಸಿದ ಪರಸಿ

ಗಂಡನ ಹೆಸರು ಬಾಯಾಗ ತರಬಾರದು ಅಂತ ನಮ್ಮವ್ವ ಹೇಳಿ ಕಳಿಸಿದ್ಳು. ಇಷ್ಟು ವರ್ಷ ತರಲಿಲ್ಲ. ಈಗ ತರ್ತೀನಿ, ಯಾರಿಗಿ ಏನ್ ಅನ್ನೋದದ ಅಂದ್ಕೊಳ್ಳಲಿ. ನನ್ನ ಗಂಡನ ಹೆಸರು ಸಾಯಬಣ್ಣ. ಚಿತ್ತಾಪುರದಾಗ ನಮ್ಮ ಮನಿ. ಅವತ್ತು ನಮ್ಮ ಮನ್ಯಾಗ ಏನಾತು ಅಂತ ಓಣ್ಯಾಗ ಒಬ್ಬೊಬ್ಬರು ಒಂದೊಂದು ನಮೂನಿ ಹೇಳಾಕತ್ತಾರ. "ಮಷೀನ ಭಾಳ ಭಾರ ಇತ್ತು, ನೆಲ ತಾಳಲಿಲ್ಲ" ಅಂತಾರ. ನೆಲದ್ದೇನು ತಪ್ಪು? ನೆಲ ಎಂದಾರ ಸುಳ್ಳು ಹೇಳ್ಯದೇನು?

ನಮ್ಮವರು ಐಟಿಐ ಕಲ್ತು ಶಾಬಾದದ ಒಂದು ವರ್ಕ್‌ಶಾಪಿಗಿ ಸೇರಿದಾಗ ಅವರಿಗಿ ಇನ್ನಾ ಮೀಸಿ ಮೂಡಾಕತ್ತಿದ್ವು. ಅಲ್ಲಿ ಅವರ ಕೈಗಿ ಒಂದು ಮಿಲ್ಲಿಂಗ್ ಮಷೀನ ಕೊಟ್ಟರು. ಕಬ್ಬಿಣದ ತುಂಡು ಅದರ ಟೇಬಲ್ ಮ್ಯಾಲ ಬಿಗಿದಿಟ್ರ, ತಿರುಗೋ ಕಟರ್ ಅದನ್ನ ಬೇಕಾದಂಗ ಕೆತ್ತಿ ಕೊಡ್ತದ. ಟ್ರ್ಯಾಕ್ಟರಿನ ಗೇರು, ಪಂಪಿನ ಸಾಮಾನು, ನೆಲಕ್ಕ ಹಾಸೋ ಪರಸಿ ಕಲ್ಲು ಕೊಯ್ಯೋ ಮಷೀನಿನ ಬಿಡಿಭಾಗ, ಏನು ಮುರದ್ರೂ ವಾಡಿ, ಸೇಡಂ, ಮಳಖೇಡದ ಮಂದಿ ಇವರ ಹಂತ್ಯಾಕೇ ತರ್ತಿದ್ರು. ದಿನಾ ಮುಂಜಾನಿ ಬುತ್ತಿ ಕಟ್ಕೊಂಡು ರೈಲಿಗಿ ಹೋಗೋದು, ಸಂಜಿಗಿ ಎಣ್ಣಿ ವಾಸನಿ ಹೊತ್ಕೊಂಡು ಬರೋದು. ನನ್ನ ಮದಿವಿಗಿಂತ ಮೊದಲೇ ಆ ಮಷೀನಿನ ಸಂಗಡ ಅವರ ಮದಿವಿ ಆಗಿತ್ತು ಅಂತ ನಾ ಚಾಷ್ಟಿ ಮಾಡ್ತಿದ್ದೆ.

ಅಳತಿ ಅಂದ್ರ ಅವರಿಗಿ ದೇವರು. ಕೂದಲೆಳಿಯಷ್ಟು ಫರಕ್ ಇದ್ರೂ ಹಿಡೀತಿದ್ರು. ಮಂಚ ಹಾಕಿದ್ರ ನಾಕೂ ಕಾಲಿನ ಬುಡಕ್ಕ ಲೆವಲ್ ಪಟ್ಟಿ ಇಟ್ಟು ನೋಡೋರು. ನಾ ರೊಟ್ಟಿ ಬಡದು ತಾಟಿಗಿ ಹಾಕಿದ್ರ ತಿರುಗಿಸಿ ತಿರುಗಿಸಿ ನೋಡೋರು. "ಏನ್ರಿ, ರೊಟ್ಟಿ ತಿಂತೀರೋ, ಪಾಸ್ ಮಾಡ್ತೀರೋ?" ಅಂತ ನಾ ಬೈತಿದ್ದೆ. ನಗ್ತಿದ್ರು, ಬಿಡ್ತಿರಲಿಲ್ಲ. ಇಂಥಾ ಮನುಷ್ಯ ಜಗತ್ತಿನಾಗ ಒಂದೇ ಒಂದು ಅಳೀದೇ ನಂಬಿದ್ರು. ಅದು ಅವರ ಅಣ್ಣನ ಮಾತು.

ಅಣ್ಣ ಅಂದ್ರ ನಮ್ಮ ಭಾವ ಸಂಗಮೇಶ್ವರ. ಬಜಾರದಾಗ ಕಿರಾಣಿ ಅಂಗಡಿ ಅದ. ಹಣಿ ತುಂಬ ಇಬತ್ತಿ, ಮಾತು ಬೆಣ್ಣಿ. ಯಾರ ಮನ್ಯಾಗ ಅಣ್ಣತಮ್ಮರ ಪಾಲಾದ್ರೂ ಹಿರೇರಂತ ಇವರನ್ನೇ ಕರೀತಾರ. ಬಾಯಾಗ ಬಸಪ್ಪ, ಹೊಟ್ಟ್ಯಾಗ ವಿಷಪ್ಪ ಅಂತ ಗಾದಿ ಅದಲ್ಲ, ಅದನ್ನ ಮಾಡಿದವರು ನಮ್ಮ ಭಾವನ್ನ ನೋಡಿರಬೇಕು.

ನಮ್ಮ ಅತ್ತಿ ತೀರ್ಕೊಂಡ ಮ್ಯಾಲ ನಮ್ಮ ಮನೀನೂ ಎರಡು ಪಾಲಾತು. ನಮ್ಮ ಕಡಿ ಪದ್ಧತಿ ಏನಂದ್ರ, ಹಿರಿಯವ ಪಾಲು ಮಾಡ್ಬೇಕು, ಕಿರಿಯವ ಆರಿಸ್ಕೊಬೇಕು. ಹಂಗಾದ್ರ ಮೋಸ ಇರಂಗಿಲ್ಲ. ಹಿರೇರೆಲ್ಲ ಕುಂತಾಗ ನಮ್ಮವರು ಏನಂದ್ರು ಗೊತ್ತೇನು? "ಅಣ್ಣಾ, ಪಾಲೂ ನೀವೇ ಮಾಡ್ರಿ, ಆರಿಸೋದೂ ನೀವೇ ಆರಿಸ್ರಿ." ನಾ ಒಳಗಿಂದ ಕೆಮ್ಮಿದೆ, ಕೇಳಿಸ್ಕೊಳ್ಳಲಿಲ್ಲ.

ನಮಗ ಬಂದ ಪಾಲಿನ ಅಂಗಳದಾಗ ಒಂದು ಹಗೇವಿತ್ತು. ಹಗೇವು ಅಂದ್ರ ಜ್ವಾಳ ಇಡಾಕ ಹಿಂದಿನವರು ನೆಲದಾಗ ತೋಡಿದ ಕುಣಿ. ಸಣ್ಣ ಬಾಯಿ, ಒಳಗ ದೊಡ್ಡ ಹೊಟ್ಟಿ, ಎರಡಾಳು ಆಳ. ಗೋಡಿಗಿ ಸುತ್ತಲೂ ಕಣಿಕಿ, ಅಂದ್ರ ಜ್ವಾಳದ ಒಣ ದಂಟು ಹಚ್ಚಿ, ಜ್ವಾಳ ತುಂಬಿ, ಮ್ಯಾಲ ಕಲ್ಲು ಮುಚ್ಚಿ ಮಣ್ಣು ಹಾಕ್ತಿದ್ರು. ನಾ ಮದಿವಿ ಆಗಿ ಬರೋ ಹೊತ್ತಿಗೇ ಅದು ಖಾಲಿ ಬಿದ್ದಿತ್ತು. ಅವತ್ತು ಹಿರೇರ ಮುಂದ ಭಾವ ಹೇಳಿದ್ರು: "ಹಗೇವಿನ ಫಿಕರ್ ಮಾಡಬ್ಯಾಡ ಸಾಯಬಾ. ನಾನೇ ನಿಂತು ಮುರುಮ ಮಣ್ಣು ತುಂಬಸ್ತೀನಿ, ಗಟ್ಟಿ ಬಡಿಸ್ತೀನಿ, ಮ್ಯಾಲ ಪರಸಿ ಹಾಕಸ್ತೀನಿ. ನೀ ನಿನ್ನ ಕೆಲಸಕ್ಕ ಹೋಗು."

ನಮ್ಮವರು ಕೆಲಸಕ್ಕ ಹೋದ್ರು. ನಮ್ಮವ್ವಗ ಆರಾಮಿಲ್ಲಂತ ನಾ ತವರಮನಿ ಐನಾಪುರಕ್ಕ ಹೋಗಿದ್ದೆ. ತಿರುಗಿ ಬರೋದ್ರಾಗ ಅಂಗಳ ಕನ್ನಡಿ ಆಗಿತ್ತು. ನೀಲಿ ಪರಸಿ, ಸಂದಿ ಸಂದಿಗಿ ಸಿಮೆಂಟು. ನಾನೂ ಖುಷಿಯಾದೆ, ಸುಳ್ಳು ಯಾಕ ಹೇಳ್ಬೇಕು. ಒಂದೇ ತಕರಾರು. ಭಾವನ ಕಡಿ ಅಂಗಳ ನಮ್ಮದಕ್ಕಿಂತ ಒಂದು ಗೇಣು ಎತ್ತರ ಆಗಿತ್ತು, ಮಳಿ ಬಂದ್ರ ಅವರ ನೀರೆಲ್ಲ ನಮ್ಮ ಹೊಚ್ಚಲಿಗಿ. "ಅವರಿಗೆಲ್ಲಿಂದ ಬಂತ್ರಿ ಇಷ್ಟು ಮುರುಮ?" ಅಂತ ಕೇಳಿದೆ. ನಮ್ಮವರು ಲೆವಲ್ ಪಟ್ಟಿ ಹಿಡದು ನೋಡಿ, ತೆಗೆದಿಟ್ಟು, "ಅಣ್ಣಂದು ಜರಾ ಎತ್ತರ ಇರ್ಲಿ ಬಿಡು" ಅಂದ್ರು. ವರ್ಷಾ ಮಳಿಗಾಲದಾಗ ಆ ನೀರು ಬಳಿಯೋದು ನನ್ನ ಪಾಲಿಗಿ ಬಂತು.

ವರ್ಷಗಟ್ಲೆ ಹಂಗೇ ನಡೀತು. ಹೋದ ವರ್ಷ ಶಾಬಾದದ ವರ್ಕ್‌ಶಾಪಿನ ಮಾಲಕರು ಕೈಲಾಗಲ್ಲಂತ ಬಾಗಲಾ ಹಾಕಿದ್ರು. ಮಷೀನೆಲ್ಲ ಗುಜರಿಗಿ ಅಂತ ಗೊತ್ತಾದಾಗ ನಮ್ಮವರು ಅನ್ನ ಬಿಟ್ರು. ಆಮ್ಯಾಲ ಹೋಗಿ, ತಮಗ ಬರಬೇಕಾದ ರೊಕ್ಕದ ಬದ್ಲಿ ಆ ಒಂದು ಮಷೀನ ಕೊಡ್ರಿ ಅಂತ ಕೇಳ್ಕೊಂಡು ಬಂದ್ರು. ಹರೇದಿಂದ ದುಡದದ್ದೆಲ್ಲ ಆ ಬೀಡಿನ ಕಬ್ಬಿಣದಾಗ ಹಾಕಿದ್ರು ಅಂತ ತಿಳೀರಿ. ಅಂಗಳದ ಮ್ಯಾಲ ತಗಡು ಹೊಚ್ಚಿಸಿ, ಕರೆಂಟ್ ಎಳಿಸಿ ಮನ್ಯಾಗೇ ವರ್ಕ್‌ಶಾಪು ಮಾಡಿದ್ರು. ಇನ್ನ ಯಾರ ಕೈಕೆಳಗೂ ದುಡಿಯೋದು ಬ್ಯಾಡ. ಅದೊಂದು ಮಷೀನ ಕುಂತ್ರ ನಮ್ಮ ಬಾಳೇ ಕುಂತಂಗಿತ್ತು.

ಮಷೀನ ಬರೋ ದಿನ ಓಣಿ ತುಂಬ ಸುದ್ದಿ. "ಶಿವಗಂಗಾ, ನಿಮ್ಮ ಮನಿಗಿ ಗಿರಣಿ ಬರ್ತದಂತಲ್ಲ, ಜ್ವಾಳ ಬೀಸಿ ಕೊಡ್ತೀರೇನು?" ಅಂತ ಒಬ್ಬಾಕಿ ಡಬ್ಬಿ ಹಿಡ್ಕೊಂಡೇ ಬಂದ್ಳು. "ಯವ್ವಾ, ಇದು ಕಬ್ಬಿಣ ಬೀಸೋ ಗಿರಣಿ, ತಂದ್ರ ನಿನ್ನ ಹಂಚು ತೊಗೊಂಡ್ ಬಾ" ಅಂತ ಕಳಿಸಿದೆ. ಅವತ್ತು ನನಗ ಅಷ್ಟು ಹುರುಪಿತ್ತು.

ಲಾರಿ ಹಿಂದೇ ವಾಡಿಯಿಂದ ಅಸದನ ಕ್ರೇನು ಬಂತು. ಅಸದ ಭಾರ ಇಳಿಸೋ ಕೆಲಸದಾಗ ಪಳಗಿದವ, ನಮ್ಮವರ ಹಳೀ ಪರಿಚಯ. ಸಂಗಡ ಅವನ ಆಳು ಸೊಹೇಲ್. ಹದಿನೈದು ಕ್ವಿಂಟಲ್ ಮಷೀನ, ಎತ್ತಿ ಬಾಗಲದ ಮುಂದ ಹೂವಿನಂಗ ಇಳಿಸಿದ್ರು. ಕ್ರೇನು ಒಳಗ ಬರಂಗಿಲ್ಲ. ಇಲ್ಲಿಂದ ತಳಗ ಪೈಪು ಹಾಕಿ, ಹಾರಿಯಿಂದ ಮೀಟಿ, ಅಂಗಳದಾಗ ಉರುಳಿಸ್ಕೊಂಡು ಹೋಗ್ಬೇಕು.

ಅಸದ ಹೊಚ್ಚಲ ಮ್ಯಾಲ ನಿಂತು ಅಂಗಳ ನೋಡಿದ. "ಸಾಯಬಣ್ಣಣ್ಣ, ಹಳೀ ಮನಿ ಅದ. ಒಂದ್ಸಲ ಹಾರಿಲಿಂದ ಪರಸಿ ಬಡದು ನೋಡ್ತೀನ್ರಿ. ತಳಗ ಪೊಳ್ಳಿದ್ರ ಸಪ್ಪಳದಾಗ ಗೊತ್ತಾಗ್ತದ" ಅಂದ.

ಕಟ್ಟಿ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂತಿದ್ದ ಭಾವ ಅಲ್ಲಿಂದೇ ಅಂದ್ರು, "ನಾ ನಿಂತು ತುಂಬಿಸೀನಪ್ಪ. ಎರಡು ಟ್ರ್ಯಾಕ್ಟರ್ ಮುರುಮ ನುಂಗ್ಯದ ಅದು. ನನ್ನ ಮ್ಯಾಲ ನಂಬಿಗಿ ಇಲ್ಲಂದ್ರ ಬಡೀರಿ, ಬಡೀರಿ."

ನಮ್ಮವರ ಮಾರಿ ಕೆಂಪಗಾತು. ಹೋಗಿ ಅಸದನ ಕೈಯಾಗಿನ ಹಾರಿ ಕಸ್ಕೊಂಡ್ರು. "ಅಣ್ಣನ ಎದುರಿಗಿ ಅಣ್ಣನ ಮಾತು ಬಡದು ನೋಡೋದೇನೋ ಅಸದ? ಅವರು ಹೇಳ್ಯಾರ, ಮುಗೀತು" ಅಂದ್ರು. ಅಸದ ಭಾವನ್ನ ನೋಡಿದ, ನಮ್ಮವರನ್ನ ನೋಡಿದ, "ನಿಮ್ಮ ಮನಿ, ನಿಮ್ಮ ಮಾತು" ಅಂತ ಪೈಪು ಜೋಡಿಸಾಕ ಹತ್ತಿದ. ದಾರದೆಳಿ ಅಳಿಯೋ ಮನುಷ್ಯ, ಒಂದು ಪೆಟ್ಟು ಬಡಿಯಾಕ ಬಿಡಲಿಲ್ಲ ನೋಡ್ರಿ.

ನಿಂಬಿಹಣ್ಣು ಇಟ್ಟು, ಕಾಯಿ ಒಡದು ಮಷೀನ ಹೊಚ್ಚಲ ದಾಟಿಸಿದ್ರು. ನಾನೂ ನಮ್ಮ ನೆಗೆಣ್ಣಿ ಉಮಾದೇವಿನೂ ಆರತಿ ತಾಟು ಹಿಡ್ಕೊಂಡು ಅಂಗಳದ ನಟ್ಟನಡುವ ನಿಂತಿದ್ವಿ, ಸೊಸಿ ಒಳಗ ತೊಗೊಂಡಂಗ ತೊಗೊಳ್ಳೋಣಂತ. ಉಮಕ್ಕ ಭಾವನ ಹೆಂಡತಿ, ನಮ್ಮವರಿಗಿ ವೈನಿ, ಆದ್ರ ಗಂಡನಂಥಾಕಿ ಅಲ್ಲ. ನನ್ನ ಸಂಗಡ ನಕ್ಕೋತ, "ನೋಡ ಶಿವಗಂಗಾ, ನಿನ್ನ ಸವತಿ ಬಂದ್ಳು" ಅಂದ್ಳು. ನಾ ಮೊಣಕೈಲೆ ತಿವಿದೆ.

ಅಷ್ಟರಾಗ ಕಟ್ಟಿ ಮ್ಯಾಲಿಂದ ಭಾವ ಕರದ್ರು. "ಉಮಾ, ಇತ್ತ ಬಾ."

"ಆರತಿ ಮಾಡಿ ಬರ್ತೀನ್ರಿ."

"ಇತ್ತ ಬಾ ಅಂದ್ನೆಲ್ಲ!" ದನಿ ಜೋರಿತ್ತು. ಉಮಕ್ಕ ಸಿಡುಕು ಮಾರಿ ಮಾಡಿ ಕಟ್ಟಿ ಕಡಿ ಹೋದ್ಳು. ನೀರೋ ಚಾನೋ ಬೇಕಾಗಿರಬೇಕು ಗಂಡಗ, ಅಂದ್ಕೊಂಡೆ ನಾ. ನಾ ಅಲ್ಲೇ ನಿಂತಿದ್ದೆ.

ಮಷೀನ ಉರುಳಿ ಉರುಳಿ ನನ್ನ ಹಂತ್ಯಾಕ ಬಂತು. ಆರತಿ ಬೆಳಗಿದೆ, ಕುಂಕುಮ ಹಚ್ಚಿದೆ. ನಮ್ಮವರು "ಮುಂದ ಪೈಪು ಬರ್ತದ, ಜರಾ ಸರಿ" ಅಂದ್ರು. ಹಿಂದ ಸರದೆ. ಸೊಹೇಲ್ ಬಗ್ಗಿ ಪೈಪು ಇಟ್ಟು ಪಕ್ಕಕ್ಕಾದ. ಅಸದ "ಹೂಂ, ಬರ್ಲಿ" ಅಂದ. ಮಷೀನಿನ ಮುಂದಿನ ತುದಿ ನಾ ನಿಂತಿದ್ದ ಪರಸಿ ಮ್ಯಾಲ ಬಂದದ್ದೇ ತಡ, ಆ ಪರಸಿ ಹಪ್ಪಳ ಮುರದಂಗ ಮುರೀತು. ಬಾಯಿ ಸುತ್ತಿನ ನೆಲಾನೂ ಕುಸದು, ಮಷೀನ ತಲಿಕೆಳಗಾಗಿ ಹಗೇವಿನಾಗ ಹೋತು. ಒಳಗಿಂದ ಬಂದ ಸಪ್ಪಳ ನನ್ನ ಎದಿ ಒಳಗ ಇನ್ನಾ ಅದ.

ಧೂಳು ಇಳೀತು. ಸೊಹೇಲ್‌ಗ ಮೊಣಕಾಲು ತರಚಿತ್ತು, ಮತ್ತ್ಯಾರಿಗೂ ಏನೂ ಆಗಿರಲಿಲ್ಲ. ನಾ ತಾಟು ಒಗದು ನೆಲಕ್ಕ ಕುಂತು ಬೋರಾಡಿ ಅತ್ತೆ. ಭಾವ ಎದ್ದು ಬಂದು, "ಹಣೆಬರಹಪ್ಪ ಸಾಯಬಾ, ಯಾರೇನು ಮಾಡಾಕ ಬರ್ತದ. ಮುರುಮ ಕುಸದಿರಬೇಕು" ಅಂತ ನಮ್ಮವರ ಬೆನ್ನಿನ ಮ್ಯಾಲ ಕೈ ಇಟ್ರು.

ನಮ್ಮವರು ಒಳಗ ಹೋದ್ರು. ಒಳಗಿಂದ ಚಿಮಣಿ ತಂದು ಹಚ್ಚಿ, ಹಗ್ಗಕ್ಕ ಕಟ್ಟಿ ಹಗೇವಿನಾಗ ಬಿಟ್ರು. ಹಗೇವಿನಾಗ ಇಳಿಯೋಕಿಂತ ಮೊದಲು ದೀಪ ಬಿಟ್ಟು ನೋಡಬೇಕು, ಒಳಗ ಗಾಳಿ ಕೆಟ್ಟಿದ್ರ ದೀಪ ಆರ್ತದ, ಇಳಿದ ಮನುಷ್ಯನೂ ಆರ್ತಾನ. ದೀಪ ಉರೀತು. ಹಗ್ಗ ಅಸದನ ಕೈಗಿ ಕೊಟ್ಟು ಇಳದ್ರು. ನಾ ಬ್ಯಾಡ್ರಿ ಬ್ಯಾಡ್ರಿ ಅಂತ ಒದರಿದೆ. ಬಹಳ ಹೊತ್ತಾದ ಮ್ಯಾಲ ಒಳಗಿಂದ ಅವರ ದನಿ ಬಂತು, "ಟೇಬಲ್ ಸೀಳ್ಯದ ಅಸದ. ಬಾಡಿನೂ ಬಿರಕ್ ಬಿಟ್ಟದ. ಬೀಡಿನ ಕಬ್ಬಿಣ, ಬೆಸುಗಿ ಹಾಕಿದ್ರೂ ಕೂಡಂಗಿಲ್ಲ."

ಮ್ಯಾಲ ಬಂದಾಗ ಮೈ ತುಂಬ ಧೂಳು, ಕೈಯಾಗ ಒಂದು ಹಿಡಿ ಕಣಿಕಿ. ನಮ್ಮ ಮಾವನ ಕಾಲಕ್ಕ ಗೋಡಿಗಿ ಹಚ್ಚಿದ್ದ ಕಣಿಕಿ, ಹಚ್ಚಿದ್ದು ಹಚ್ಚಿದಂಗೇ ಇತ್ತಂತ. ಒಂದು ಬುಟ್ಟಿ ಮುರುಮ ಬಿದ್ದಿದ್ರೂ ಅದು ಉಳೀತಿತ್ತೇನು? ನಾ ಭಾವನ ಎತ್ತರದ ಅಂಗಳ ನೋಡಿದೆ. ಎರಡು ಟ್ರ್ಯಾಕ್ಟರ್ ಮುರುಮ ಎಲ್ಲಿ ಹೋತು ಅನ್ನೋದು ಕಣ್ಣ ಮುಂದೇ ಇತ್ತು. ವರ್ಷಾ ಅದರ ನೀರು ಬಳದೀನಿ ನಾ! ಹುಟ್ಟುತ್ತ ಅಣ್ಣತಮ್ಮರು, ಬೆಳೀತ ದಾಯಾದಿಗಳು ಅಂತಾರ. ದಾಯಾದಿಯಾದ್ರೂ ಎದುರಿಗಿ ನಿಂತು ಬಡೀತಾನ. ಇವರು ಇಬತ್ತಿ ಹಚ್ಕೊಂಡು, ತಮ್ಮ ತಮ್ಮ ಅನ್ಕೋತ ಕಾಲಾಗಿನ ನೆಲಾನೇ ಕದ್ದಿದ್ರು. ನನ್ನ ಬಾಯಿಗಿ ಬಂದದ್ದೆಲ್ಲ ಅಂದೆ. "ನಿಮ್ಮ ಕೈ ಸೇದಿ ಹೋಗ್ಲಿ" ಅಂದೆ. ಅಂದದ್ದಕ್ಕ ನನಗ ಇವತ್ತಿಗೂ ಕೆಟ್ಟನಿಸಿಲ್ಲ.

ನಮ್ಮವರು ನನಗ ಸುಮ್ಮನಿರು ಅಂತ ಕೈ ಮಾಡಿ, ಆ ಕಣಿಕಿ ಒಯ್ದು ಭಾವನ ಕೈಯಾಗ ಇಟ್ರು. ಭಾವ ಅದನ್ನ ಹಿಡ್ಕೊಂಡು ನಿಂತ್ರು, ಚೆಲ್ಲಾಕೂ ಆಗ್ವಲ್ಲದು, ಇಟ್ಕೊಳ್ಳಾಕೂ ಆಗ್ವಲ್ಲದು. ಕಡೀಕ ಅಂದ್ರು, "ಇಷ್ಟು ವರ್ಷ ತಾಳಿತ್ತಪ್ಪ ಸಾಯಬಾ. ಇವತ್ತೂ ತಾಳ್ತದಂತ ತಿಳದಿದ್ದೆ."

ನಮ್ಮವರು ಎಂದೂ ಅಣ್ಣಗ ಎದುರು ಮಾತಾಡಿದವರಲ್ಲ. ಅವತ್ತೂ ದನಿ ಏರಿಸಲಿಲ್ಲ.

"ತಾಳ್ತದಂತ ತಿಳದಿದ್ರ ವೈನಿನ್ನ ಅಲ್ಲಿಂದ ಯಾಕ ಕರದ್ರಿ ಅಣ್ಣಾ?" ಅಂದ್ರು. "ಅವರ ಬಾಜೂಕ ಶಿವಗಂಗಾ ನಿಂತಿದ್ದಳಲ್ರಿ."

ಅಲ್ಲಿತನಾ ನಾ ಮಷೀನಿನ ಸಲುವಾಗಿ ಅಳಾಕತ್ತಿದ್ದೆ. ಆ ಮಾತು ಕಿವಿಗಿ ಬಿದ್ದದ್ದೇ ನನ್ನ ಅಳು ನಿಂತುಬಿಟ್ಟಿತು. ಉಮಕ್ಕ ಗಂಡನ ಮಾರಿ ನೋಡಿದ್ಳು, ಅವರ ಕೈಯಾಗಿನ ಕಣಿಕಿ ನೋಡಿದ್ಳು. ಆಮ್ಯಾಲ ಕಟ್ಟಿ ಇಳದು, ಹಗೇವಿನ ದಂಡಿಲಿಂದ ಸುತ್ತು ಹಾಕಿ ಬಂದು, ನನ್ನ ಬಾಜೂಕ ನಿಂತ್ಳು.

"ಉಮಾ, ಇತ್ತ ಬಾ" ಅಂದ್ರು ಭಾವ.

ಈ ಸರ್ತಿ ಆಕಿ ಹೋಗಲಿಲ್ಲ.