ಢಮಾರ್ ಮೇಷ್ಟ್ರ ಹೆಡ್‌ಲೈಟು

ಮೇಷ್ಟ್ರ ಮನೆಯ ಹಜಾರದಲ್ಲಿ, ಹೆಂಡತಿ ದಿನಾ ಬೆಳಗ್ಗೆ ಪ್ರಾರ್ಥನೆಗೆ ಕೂರುವ ಮೂಲೆಗೆ ಎದುರಾಗಿ, ಹಲಗೆಯ ಮೇಲೆ ಹಳೆಯ ಮೊಪೆಡ್ಡಿನ ಹೆಡ್‌ಲೈಟೊಂದು ಕೂತಿದೆ. ಅದಕ್ಕೀಗ ಮೊಪೆಡ್ಡೂ ಇಲ್ಲ, ವೈರೂ ಇಲ್ಲ. ಆದರೂ ಮೇಷ್ಟ್ರು ಅದರ ಗಾಜನ್ನು ಮರೆಯದೆ ಒರೆಸುತ್ತಾರೆ. ಬಂದವರು ಇದೇನು ಎಂದು ಕೇಳಿದರೆ ಉತ್ತರ ಕೊಡುವವರು ಹೆಂಡತಿ. “ಅವರ ಪಿಸ್ತೂಲು ಅದು” ಎನ್ನುತ್ತಾರೆ.

ಅವರು ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದವರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದ ದಿನ ಊರಿಗೆಲ್ಲ ಢಮಾರ್ ಮೇಷ್ಟ್ರು. ಓಟದ ಪಂದ್ಯ ಶುರುಮಾಡಲು ಅವರ ಬಳಿ ಒಂದು ಪಿಸ್ತೂಲಿತ್ತು. ಗುಂಡು ಹಾರಿಸುವಂಥದ್ದಲ್ಲ, ಬರೀ ಸದ್ದು, ಜೊತೆಗೊಂದು ಹಿಡಿ ಬಿಳಿ ಹೊಗೆ. ಹಿಂದಿನ ಮೇಷ್ಟ್ರು ನಿವೃತ್ತರಾಗುವಾಗ ಸೀಟಿಯ ಜೊತೆಗೆ ಕೈಗಿಟ್ಟು ಹೋಗಿದ್ದು. ವರ್ಷವಿಡೀ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿರುತ್ತಿದ್ದ ಅದನ್ನು ಕ್ರೀಡಾದಿನದ ಮುನ್ನಾದಿನ ಇಳಿಸಿಕೊಂಡು, ಹಳೇ ಬನಿಯನ್ನಿನ ತುಂಡಿನಿಂದ ಒರೆಸುತ್ತಾ ಕೂತರೆ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಮೊಪೆಡ್ಡಿನ ಭಾಗ್ಯವೇ ಬೇರೆ. ಅದಕ್ಕೆ ಹಿಂದೊಂದು ಮುಂದೊಂದು ನಂಬರ್ ಪ್ಲೇಟು, ಪ್ಲಾಸ್ಟಿಕ್ ಕವರಿನಲ್ಲಿ ಕಾಗದಪತ್ರ, ತಪ್ಪದೆ ವಿಮೆ.

ಒಂದು ವರ್ಷ ಹೊಸ ಕಾನೂನು ಬಂತು. ನೋಡಲು ಬಂದೂಕಿನಂತಿದ್ದು ಸದ್ದು ಮಾಡುವ ಯಾವುದನ್ನೇ ಆಗಲಿ ನೋಂದಾಯಿಸಬೇಕು, ಇಲ್ಲವೇ ಠಾಣೆಗೆ ಒಪ್ಪಿಸಬೇಕು. ಮೊಪೆಡ್ಡಿಗೆ ನಂಬರು ಮಾಡಿಸಿದಷ್ಟೇ ಸಲೀಸು ಎಂದುಕೊಂಡು ಮೇಷ್ಟ್ರು ಡಬ್ಬಿ ಸಮೇತ ಠಾಣೆಗೆ ಹೋದರು. ಅಲ್ಲಿದ್ದ ಇನ್‌ಸ್ಪೆಕ್ಟರು ಅವರ ಹಳೆಯ ಶಿಷ್ಯನೇ. ಎದ್ದು ನಿಂತ, ಟೀ ತರಿಸಿದ. ಆದರೆ ಪ್ರಶ್ನೆಗಳಲ್ಲಿ ಮಾತ್ರ ರಿಯಾಯಿತಿ ತೋರಿಸಲಿಲ್ಲ. ಕೊಂಡಿದ್ದು ಎಲ್ಲಿ, ಯಾರ ಹೆಸರಲ್ಲಿತ್ತು, ಮನೆಯಲ್ಲಿ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ ಇದೆಯೇ ಎಂದೆಲ್ಲ ಕೇಳಿದ. ಕೊಟ್ಟ ಮೇಷ್ಟ್ರು ತೀರಿಕೊಂಡು ಯಾವ ಕಾಲವಾಗಿತ್ತೋ.

ಮೇಷ್ಟ್ರಿಗೆ ರೇಗಿತು. “ನನ್ನ ಮೊಪೆಡ್ ಗುದ್ದಿದ್ರೆ ಒಬ್ಬರ ಕಾಲು ಮುರಿಯುತ್ತೆ. ಅದಕ್ಕೆ ತಗಡಿನ ಮೇಲೆ ನಂಬರ್ ಬರೆಸಿ ಕಳಿಸಿಬಿಡ್ತೀರಿ. ಇದು ನೊಣಾನೂ ಸಾಯಿಸಲ್ಲ ಕಣಯ್ಯ. ಇದಕ್ಯಾಕೆ ಇಷ್ಟೊಂದು?”

“ಸಾಯಿಸಲ್ಲ ಅಂತ ನಿಮಗೆ ಗೊತ್ತು ಮೇಷ್ಟ್ರೇ, ಎದುರಿಗೆ ನಿಂತೋನಿಗೆ ಗೊತ್ತಿರಲ್ಲ. ಮೊಪೆಡ್ ತೋರಿಸಿ ಯಾರೂ ಅಂಗಡಿ ದೋಚಲ್ಲ. ಅಲ್ಲಿ ಗಾಡಿ ನೋಡಿದ್ರೆ ಸಾಕು. ಇಲ್ಲಿ ಮೊದಲು ಮನುಷ್ಯನ್ನ ನೋಡ್ಬೇಕು.”

“ನನ್ನನ್ನ ನೋಡಿಲ್ವಾ ನೀನು?”

“ನೋಡಿದೀನಿ. ನಿಮ್ಮ ಅಟ್ಟಾನೂ ನೋಡಿದೀನಿ, ಅದಕ್ಕೆ ಬೀಗ ಇಲ್ಲ.” ಅವನು ನಕ್ಕ. “ಶಾಲೇಲಿ ಢಮಾರ್ ಅನ್ನೋಕೆ ಮುಂಚೆ ಗೆರೆ ದಾಟಿದೆ ಅಂತ ನನ್ನನ್ನ ಎರಡು ಸಲ ವಾಪಸ್ ಕರೆದಿದ್ರಿ. ನಿಯಮ ಎಲ್ರಿಗೂ ಒಂದೇ ಅಂದಿದ್ರಿ.”

ಅದು ಮೇಷ್ಟ್ರು ತಾವೇ ಕಲಿಸಿದ ಮಾತು. ನೆನಪಿಗೆ ಪಿಸ್ತೂಲಿನ ಹಿಡಿಯನ್ನಾದರೂ ಬಿಚ್ಚಿಕೊಡು ಎಂದು ಕೇಳಿದರು. ಅದರ ಒಂದೊಂದು ತುಂಡಿಗೂ ಅದೇ ಕಾನೂನಂತೆ. ಕೊನೆಗೆ ಖಾಲಿ ಡಬ್ಬಿಯೊಂದಿಗೆ ಮನೆಗೆ ಬಂದರು.

ಅವರನ್ನು ಕೊರೆಯುತ್ತಿದ್ದುದು ಪಿಸ್ತೂಲಿನ ಚಿಂತೆಯಲ್ಲ, ದರ್ಜಿಯ ಮಗಳದ್ದು. ಹುಟ್ಟಿನಿಂದ ಕಿವಿ ಕೇಳಿಸದ ಹುಡುಗಿ, ಓಡಿದರೆ ಗಾಳಿ. ಉಳಿದ ಮಕ್ಕಳು ಸದ್ದಿಗೆ ಓಡಿದರೆ ಇವಳು ಕತ್ತು ಓರೆ ಮಾಡಿ ಹೊಗೆ ನೋಡಿ ಓಡುತ್ತಿದ್ದಳು. ಶಾಲೆಯಲ್ಲಿ ಅದೇ ಅವಳ ಕೊನೆಯ ವರ್ಷ, ಕೊನೆಯ ಓಟ. ಸೀಟಿ ಅವಳಿಗೆ ಉಪಯೋಗವಿಲ್ಲ. ಮೇಷ್ಟ್ರು ಕರವಸ್ತ್ರ ಬೀಳಿಸಿ ನೋಡಿದರು. ಬಟ್ಟೆ ಗಾಳಿಗೆ ತೇಲುತ್ತಾ ಇಳಿಯುವಷ್ಟರಲ್ಲಿ ಅವಳು ಒಮ್ಮೆ ಬೇಗ ಹೊರಡುವಳು, ಒಮ್ಮೆ ತಡವಾಗಿ. ಕೊನೆಗೆ ಬೂಟು ಬಿಚ್ಚಿ ಎಸೆದು, ನಾನು ಓಡುವುದಿಲ್ಲ ಎಂದು ಕೈಯಾಡಿಸಿಬಿಟ್ಟಳು.

ಆ ಸಂಜೆ ಮೇಷ್ಟ್ರು ಎಂದಿನಂತೆ ಮನೆ ಮುಂದೆ ಮೊಪೆಡ್ ನಿಲ್ಲಿಸಿ ಹಾರ್ನ್ ಒತ್ತಿದರು. ಬಾಗಿಲು ತೆರೆದ ಹೆಂಡತಿ ಮುಖಕ್ಕೆ ಕೈ ಅಡ್ಡ ಹಿಡಿದರು. “ರೀ, ಲೈಟು ಕಣ್ಣಿಗೆ ಹೊಡೀತಿದೆ, ಆರಿಸ್ರೀ.”

ಮೇಷ್ಟ್ರು ಆರಿಸಿದರು. ಮತ್ತೆ ಹಚ್ಚಿದರು. ಮತ್ತೆ ಆರಿಸಿದರು. ಇವರಿಗೇನಾಯಿತಪ್ಪ ಎಂದು ಹೆಂಡತಿ ದೇವರನ್ನು ನೆನೆದರು.

ಮರುದಿನ ಮೇಷ್ಟ್ರು ಆ ಲೈಟನ್ನು ಹುಡುಗಿಯೊಬ್ಬಳಿಗೇ ಹಚ್ಚಿ ತೋರಿಸಿದರು, ಅವಳು ಮತ್ತೆ ಬೂಟು ಹಾಕಿಕೊಂಡಳು. ಕ್ರೀಡಾದಿನ ಮೊಪೆಡ್ಡು ಮೈದಾನದ ಅಂಚಿನ ಮರದ ನೆರಳಿನಲ್ಲಿ, ಗುಡುಗುಡು ಎನ್ನುತ್ತಾ ನಿಂತಿತ್ತು. ಒಂದು ಹೆಬ್ಬೆರಳು ಹಾರ್ನಿನ ಮೇಲೆ, ಇನ್ನೊಂದು ಲೈಟಿನ ಸ್ವಿಚ್ಚಿನ ಮೇಲೆ. ಮಕ್ಕಳು ಬಾಗಿದರು. ಮೇಷ್ಟ್ರು ಎರಡನ್ನೂ ಒಟ್ಟಿಗೆ ಒತ್ತಿದರು.

ಆ ಹಾರ್ನಿಗೆ ನೆಗಡಿಯಾದ ಮೇಕೆಯ ದನಿ. ಬಾಗಿದ್ದ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದನಿ ಕೇಳಿಸದ ಒಬ್ಬಳೇ ಬೆಳಕು ಕಂಡದ್ದೇ ಚಿಮ್ಮಿದಳು. ಉಳಿದವರು ಸಾವರಿಸಿಕೊಂಡು ಓಡುವಷ್ಟರಲ್ಲಿ ಅವಳು ಆಚೆ ತುದಿಯ ಹಗ್ಗ ಮುಟ್ಟಿಯಾಗಿತ್ತು. ಮೈದಾನವೆಲ್ಲ ಚಪ್ಪಾಳೆ. ಮೇಷ್ಟ್ರ ಕೈ ಮಾತ್ರ ಹ್ಯಾಂಡಲ್ ಬಿಡಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರು ಅವರನ್ನೇ ನೋಡುತ್ತಿದ್ದ. ಅವರು ನಿಧಾನವಾಗಿ ಕೈಯೆತ್ತಿ, ಮತ್ತೆ ಓಡಬೇಕು ಎಂದರು.

ದರ್ಜಿ ದಡದಡ ಬಂದ. “ಗೆದ್ದ ಮಗೂನ ಸೋಲಿಸೋಕೆ ವಾಪಸ್ ಕರೀತೀರಾ ಮೇಷ್ಟ್ರೇ?”

ಮೇಷ್ಟ್ರು ಹುಡುಗಿಯನ್ನು ಹತ್ತಿರ ಕರೆದು, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. “ಅವರು ಓಡಲಿಲ್ಲ ಕಣಮ್ಮ, ನಕ್ಕರು. ಎಲ್ಲರೂ ಓಡಲಿ.”

ಅವಳು ಗೆರೆಯತ್ತ ನೋಡಿದಳು, ಅಪ್ಪನತ್ತ ನೋಡಿದಳು. ಆಮೇಲೆ ಬೂಟಿನ ಲೇಸು ಬಿಗಿ ಮಾಡಿಕೊಂಡು ಹೋಗಿ ನಿಂತಳು.

ಈ ಸಲ ಯಾರೂ ನಗಲಿಲ್ಲ. ಎಲ್ಲರ ಕಾಲೂ ಒಟ್ಟಿಗೇ ಗೆರೆ ಬಿಟ್ಟವು. ಕೊನೆಯವರೆಗೂ ಇಬ್ಬರು ಜೊತೆಜೊತೆಗೇ ಓಡಿದರು. ಹಗ್ಗದ ಹತ್ತಿರ ಇನ್ನೊಬ್ಬಳು ಎದೆ ಮುಂದೊಡ್ಡಿದಳು. ದರ್ಜಿಯ ಮಗಳು ಎರಡನೆಯವಳಾದಳು. ಅಳುತ್ತಾಳೇನೋ ಎಂದುಕೊಂಡರು ಮೇಷ್ಟ್ರು. ಅವಳು ಏದುಸಿರು ಬಿಡುತ್ತಾ ನೇರ ಮೊಪೆಡ್ಡಿನ ಬಳಿಗೆ ಬಂದು, ಬೆಚ್ಚಗಿದ್ದ ಹೆಡ್‌ಲೈಟಿನ ಗಾಜಿನ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತಳು. ಆಮೇಲೆ ಎರಡೂ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸಿ ನಕ್ಕಳು.

ಮೊಪೆಡ್ಡಿನ ನೋಂದಣಿಯ ಅವಧಿಯೂ ಒಂದು ದಿನ ಮುಗಿಯಿತು. ನಂಬರ್ ಪ್ಲೇಟು ಸಾರಿಗೆ ಕಚೇರಿಗೆ ವಾಪಸ್ ಹೋಯಿತು, ಗುಜರಿಯವನು ಬಾಗಿಲಿಗೆ ಬಂದ. ಮೇಷ್ಟ್ರು ಸ್ವಲ್ಪ ತಾಳು ಎಂದು ಹೇಳಿ, ಒಳಗೆ ಹೋಗಿ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದರು.

“ಹೆಡ್‌ಲೈಟ್ ಮನೇಲಿಟ್ಕೊಳ್ಳೋಕೆ ಲೈಸೆನ್ಸ್ ಬೇಕೇನಯ್ಯ?”

ಆ ಕಡೆಯಿಂದ ಅವನ ದನಿ ಮೆಲ್ಲಗೆ ಬಂತು. “ಬೇಡ ಮೇಷ್ಟ್ರೇ. ನಂಬರು ಇರೋದು ಗಾಡಿಗೆ ಮಾತ್ರ. ಬೀಗಾನೂ ಬೇಡ, ಎಲ್ರಿಗೂ ಕಾಣೋ ಹಾಗೆ ಇಡಿ.”

ಮೇಷ್ಟ್ರು ಸ್ಕ್ರೂಡ್ರೈವರ್ ಹುಡುಕಿಕೊಂಡು ಹೊರಗೆ ಹೋದರು.