ಪಂಪ್‌ಹೌಸಿನಲ್ಲಿ ಕೂತ ರೈಟರು

ಪಾಲಿಬೆಟ್ಟದ ಕಡೆ ಕುಶಾಲಪ್ಪನವರ ಎಸ್ಟೇಟಿನಲ್ಲಿ ಪ್ರಜ್ಞೇಶ್ ರೈಟರಾಗಿ ಸೇರಿದ ಮೇಲೆ ಇದು ನಾಲ್ಕನೆಯ ಕಾಫಿ ಕುಯ್ಲು. ಡಿಸೆಂಬರಿನಲ್ಲಿ ಶುರುವಾದರೆ ಫೆಬ್ರವರಿ ಮುಗಿಯುವವರೆಗೂ ಅದಕ್ಕೆ ಬಿಡುವಿಲ್ಲ. ರೈಟರ್ ಎಂದರೆ ಆಳುಗಳ ಹಾಜರಿ ಹಾಕುವುದು, ಸಂಜೆ ಚೀಲ ತೂಗಿಸುವುದು, ಸಾಹುಕಾರರ ಬೈಗುಳವನ್ನು ಆಳುಗಳಿಗೆ ಅರ್ಧಕ್ಕಿಳಿಸಿ ದಾಟಿಸುವುದು, ಆಳುಗಳ ಬೈಗುಳವನ್ನು ಸಾಹುಕಾರರಿಗೆ ದಾಟಿಸದೇ ಇರುವುದು. ಈ ಕೊನೆಯದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಉಳಿದವುಗಳಲ್ಲಿ ಸುಮಾರು.

ಇವೆಲ್ಲಕ್ಕಿಂತ ದೊಡ್ಡದೊಂದು ಕೆಲಸವಿತ್ತು. ಅದನ್ನು ಮಾತ್ರ ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಅರಣ್ಯ ಇಲಾಖೆಯ ವಾಚರುಗಳು ಬೆಳಗಿನಿಂದ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಆನೆ ಎಲ್ಲಿದೆ, ಯಾವ ತೋಟ ದಾಟಿತು, ಯಾವ ಕಡೆ ಮುಖ ಮಾಡಿದೆ ಎಂದು ಹಾಕುತ್ತಿದ್ದರು. ಅದನ್ನು ನೋಡಿಕೊಂಡು, ಆನೆ ಇರುವ ಕಡೆ ಆಳು ಹಾಕದಂತೆ, ಆಳು ಇರುವ ಕಡೆ ಆನೆ ಬಂದರೆ ಮೇಸ್ತ್ರಿ ಮಾರಿಗೆ ಫೋನ್ ಮಾಡಿ ಎಲ್ಲರನ್ನೂ ರೋಡಿಗೆ ಇಳಿಸುವಂತೆ ನೋಡಿಕೊಳ್ಳುವುದು ರೈಟರನ ಪಾಲಿಗೆ ಬಂದಿತ್ತು. ಮಾರಿಯ ಬಳಿ ಇದ್ದದ್ದು ಬಟನ್ ಫೋನು. ಆದ್ದರಿಂದ ಗಿಡದ ಸಂದಿಯಲ್ಲಿ ಬಗ್ಗಿ ಕುಯ್ಯುವ ಅಷ್ಟೂ ಜನರ ಕಣ್ಣು ಪ್ರಜ್ಞೇಶನ ಜೇಬಿನಲ್ಲಿತ್ತು. ಆ ಜೇಬಿಗೆ ತೂತಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅವನು ಒಮ್ಮೆ ಬಿ.ಕಾಂ. ಓದಿದ್ದ. ಎರಡನೇ ವರ್ಷದಲ್ಲಿ ಕಾಲೇಜೂ ಅವನೂ ಪರಸ್ಪರ ಬೇಸತ್ತು ಬೇರೆಯಾದರು. ಕೆಟ್ಟ ಮಾತಿಲ್ಲದೆ ಮುಗಿದ ಸಂಬಂಧ ಅದೊಂದೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಈ ಸಲ ಮನೆಯಿಂದಲೇ ಓದುವ ಆನ್‌ಲೈನ್ ಪದವಿಗೆ ಅರ್ಜಿ ಹಾಕಿದ್ದ. ಸೀಟು ಸಿಕ್ಕಿತು. ಆದರೆ ಅರ್ಧ ಸಿಕ್ಕಿತು. ಮೊದಲು ಎಲ್ಲರೂ ಸೇರುವ ಓರಿಯೆಂಟೇಶನ್, ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಮಾಡುವ ಅಡ್ವೈಸಿಂಗ್. ವಿಡಿಯೊದಲ್ಲಿ ಎರಡಕ್ಕೂ ಹಾಜರಾಗದವರ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಮೇಲ್‌ನಲ್ಲಿ ದಪ್ಪಕ್ಷರದಲ್ಲಿತ್ತು. ಸಲಹೆ ಕೇಳುವುದಕ್ಕೂ ಹೊತ್ತು ಗೊತ್ತುಮಾಡಿಕೊಳ್ಳಬೇಕು ಎನ್ನುವುದು ಅವನಿಗೆ ಹೊಸದು. ಅವನು ಹುಟ್ಟಿದ ಚೇರಂಬಾಣೆ ಕಡೆ ಸಲಹೆ ಕೇಳದೆಯೇ ಬರುತ್ತಿತ್ತು, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಸಾವಿನ ಮನೆಯಲ್ಲೂ.

ಶಾಂತವಾದ ಕೋಣೆ, ಮುಖಕ್ಕೆ ಬೆಳಕು, ಹಿಂದೆ ಖಾಲಿ ಗೋಡೆ, ಕಿವಿಗೆ ಇಯರ್‌ಫೋನ್ ಬೇಕೆಂದೂ ಮೇಲ್ ಹೇಳಿತ್ತು. ಎಸ್ಟೇಟಿನಲ್ಲಿ ಈ ನಾಲ್ಕೂ ಒಟ್ಟಿಗೆ ಇರುವ ಜಾಗ ಸಾಹುಕಾರರ ಬಂಗಲೆ ಒಂದೇ. ಅಲ್ಲಿ ಕೇಳುವ ಧೈರ್ಯ ಅವನಿಗಿರಲಿಲ್ಲ. ಹಿಂದಿನ ರೈಟರ್ ಓದಿಕೊಂಡು ಬ್ಯಾಂಕ್ ಸೇರಿದ್ದನ್ನು ಕುಶಾಲಪ್ಪನವರು ಇನ್ನೂ ಕಳ್ಳತನವಾದ ಹಾಗೆ ಹೇಳುತ್ತಿದ್ದರು. ಆಳುಗಳ ಲೈನ್ ಮನೆಗಳ ಸಾಲಿನಲ್ಲಿದ್ದ ತನ್ನ ಕೋಣೆಯಿಂದ ತಂಗಿ ಮೋಕ್ಷಿತಾಗೆ ವಿಡಿಯೊ ಮಾಡಿ ಪರೀಕ್ಷೆ ನಡೆಸಿದ. ಮುಖ ಒಡೆದು ಚೌಕಚೌಕವಾಯಿತು. ಅಷ್ಟರಲ್ಲೇ ಅವಳು ನೋಡಬೇಕಾದ್ದನ್ನೆಲ್ಲ ನೋಡಿದ್ದಳು. ಮನೆಮಾತಾದ ಅರೆಭಾಷೆಯಲ್ಲೇ ಅಣಕಿಸಿದಳು.

"ಅಣ್ಣ, ನಿನ್ನ ಹಿಂದೆ ಬನಿಯನ್ ಒಣಗ್ತಾ ಉಟ್ಟು. ಯೂನಿವರ್ಸಿಟಿಯವು ಅದ್ಕೇ ಸೀಟ್ ಕೊಟ್ಟವೆ."

ಓರಿಯೆಂಟೇಶನ್ ಭಾನುವಾರ ಬಂತು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆಂದು ಅಲ್ಲೇ ಕೂತ. ಕುಲಪತಿಗಳು ಶಿಸ್ತಿನ ಬಗ್ಗೆ ಮಾತಾಡುತ್ತಿದ್ದಾಗ ಯಾರದೋ ಆಡು ಕಣಕ್ಕೆ ನುಗ್ಗಿತು. ಪ್ರಜ್ಞೇಶ್ ಅದಕ್ಕೆ ಹೇಳಬೇಕಾದ್ದನ್ನು ಹೇಳಿದ. ತನ್ನ ಮೈಕ್ ತೆರೆದೇ ಇತ್ತೆಂದು ಗೊತ್ತಾದದ್ದು ನೂರಾರು ಮುಖಗಳು ಒಟ್ಟಿಗೆ ನಗುವುದನ್ನು ನೋಡಿದಾಗ. ಪ್ರಜ್ಞೇಶ್ ಅವರು ದಯವಿಟ್ಟು ಮ್ಯೂಟ್ ಮಾಡಿಕೊಳ್ಳಬೇಕೆಂದು ಯಾರೋ ಮೃದುವಾಗಿ ಹೇಳಿದರು. ಆ ಮೃದುತನವೇ ಅವನನ್ನು ಮೂರು ದಿನ ಸುಟ್ಟಿತು. ಬುಧವಾರದ ಅಡ್ವೈಸಿಂಗ್‌ನಲ್ಲಿ ಒಂದು ಸೊಳ್ಳೆಯ ಸದ್ದೂ ಇರಬಾರದೆಂದು ನಿಶ್ಚಯಿಸಿಕೊಂಡ.

ಅವನಿಗೆ ನೆನಪಾದದ್ದು ಮೇಲಿನ ಕೆರೆಯ ಪಂಪ್‌ಹೌಸ್. ಬೋರ್‌ವೆಲ್ ಬಂದ ವರ್ಷವೇ ಅದರ ಮೋಟರ್ ಬಿಚ್ಚಿಕೊಂಡು ಹೋಗಿದ್ದರು. ಒಳಗೆ ಸುಣ್ಣದ ಗೋಡೆ, ತಗಡಿನ ಬಾಗಿಲು, ಹಿಂಬದಿಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿ. ಏರಿಯ ಮೇಲಾದ್ದರಿಂದ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ತೊಡಕು ಎಂದರೆ, ಬುಧವಾರ ಆಳುಗಳು ಇರಬೇಕಾದದ್ದು ಕೆಳಗಿನ ಪ್ಲಾಟಿನಲ್ಲಿ. ಅಲ್ಲಿಂದ ಅಷ್ಟು ದೂರ ಅವನು ಮಾಯವಾದರೆ ಸಾಹುಕಾರರ ಕಿವಿಗೆ ಬೀಳುತ್ತದೆ. ಆದ್ದರಿಂದ ಅವನು ಆಳುಗಳನ್ನೇ ಕೆರೆ ಪ್ಲಾಟಿಗೆ ಬದಲಾಯಿಸಿದ. ಅಲ್ಲಿ ಹಣ್ಣು ಉದುರುತ್ತಿದೆ ಎಂದು ಕಾರಣ ಕೊಟ್ಟ. ಹಣ್ಣು ಎಲ್ಲ ಕಡೆಯೂ ಉದುರುತ್ತಿತ್ತು.

ಮಂಗಳವಾರ ಸಂಜೆ ಜಾಗ ಗುಡಿಸಲು ಹೋದಾಗ ಕೆರೆಯ ಏರಿಯ ಮೇಲೆ ಆನೆ ಲದ್ದಿ ಕಂಡ. ಅರೆಯದೆ ಉಳಿದ ಕಾಫಿ ಬೀಜಗಳು ಅದರ ತುಂಬ ಇದ್ದವು. ಕಾಲಿನಿಂದ ಒತ್ತಿ ನೋಡಿದ. ಮೇಲೆ ಒಣಗಿತ್ತು, ಒಳಗೆ ಹಸಿ. ಪಂಪ್‌ಹೌಸಿನ ಹೊರಗೋಡೆಯಲ್ಲಿ, ಅವನ ತಲೆಗಿಂತ ಮೇಲೆ, ಮೈಯುಜ್ಜಿದ ಕೆಸರಿನ ಪಟ್ಟಿ. ಒಳಗೋಡೆ ಮಾತ್ರ ಬೆಳ್ಳಗಿತ್ತು. ಕ್ಯಾಮರಾದಲ್ಲಿ ಕಾಣುವುದು ಒಳಗೋಡೆ ತಾನೆ ಎಂದುಕೊಂಡು ಗುಡಿಸಿ ಬಂದ.

ಬುಧವಾರ ಬೆಳಿಗ್ಗೆ ಗ್ರೂಪಿನಲ್ಲಿ ಬಂದ ಸುದ್ದಿ ಅವನ ಪರವಾಗಿತ್ತು. ಒಂಟಿ ಆನೆ ರಾತ್ರಿಯೇ ಪಕ್ಕದ ತೋಟ ದಾಟಿ ಕಾಡಿನ ಕಡೆ ಮುಖ ಮಾಡಿದೆ. ಅವನು ಅದನ್ನು ಮಾರಿಗೆ ಓದಿ ಹೇಳಿದ. ಮಾರಿ ತೋಟದೊಳಗೆ ಆನೆ ಎಂಬ ಹೆಸರನ್ನು ಬಾಯಿಗೆ ತರುವವನಲ್ಲ.

"ಮುಖ ಮಾಡಿದಾರೆ, ಹೋಗಿಲ್ಲ ಅಲ್ಲಾ ರೈಟ್ರೇ?" ಎಂದಷ್ಟೇ ಕೇಳಿದ.

ಪ್ರಜ್ಞೇಶ್ ನಕ್ಕು, ತಾನು ಕೆರೆಯ ಹಳೇ ಪೈಪು ನೋಡಿ ಬರುವುದಾಗಿ ಹೇಳಿ ಮೇಲೆ ಹತ್ತಿದ. ಅಂಗಿ ಇಸ್ತ್ರಿಯದು, ಪ್ಯಾಂಟು ಗೊಬ್ಬರದ್ದು. ಯೂನಿವರ್ಸಿಟಿಗೆ ಅವನು ಸೊಂಟದವರೆಗೆ ಮಾತ್ರ ಸೇರುತ್ತಿದ್ದ. ಬಾಗಿಲು ಎಳೆದುಕೊಂಡು, ಇಟ್ಟಿಗೆಗಳ ಮೇಲೆ ಫೋನ್ ನಿಲ್ಲಿಸಿ, ಬರುವ ಕರೆ, ಸಂದೇಶಗಳ ಸದ್ದೆಲ್ಲ ನಿಲ್ಲುವ ಗುಂಡಿ ಒತ್ತಿ, ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡ. ಏರಿಯ ಕೆಳಗೆ ಕೆರೆ ಪ್ಲಾಟಿನಲ್ಲಿ ಹೆಂಗಸರು ಮಾತಾಡುತ್ತಿದ್ದುದು, ಯಾರೋ ನಕ್ಕಿದ್ದು ನಿಂತುಹೋಯಿತು.

ಪರದೆಯಲ್ಲಿ ಬಂದ ಉಷಾರಾಣಿ ಮೇಡಂ ಒಳ್ಳೆಯವರು. ಆಡಿನ ಪ್ರಸಂಗವನ್ನು ಎತ್ತಲೇ ಇಲ್ಲ. ಯಾವ ವಿಷಯ ಕಷ್ಟವಾಗುತ್ತದೆ, ಹಿಂದೆ ಯಾಕೆ ಬಿಟ್ಟಿರಿ, ಕೆಲಸದ ಜೊತೆ ಎಷ್ಟು ಪೇಪರ್ ಹೊರಬಲ್ಲಿರಿ ಎಂದು ಒಂದೊಂದಾಗಿ ಕೇಳಿದರು. ದಿನಾ ಎಷ್ಟು ಹೊತ್ತು ಓದುತ್ತೀರಿ ಎಂದಾಗ ಅವನು ಹೇಳಿದ ಲೆಕ್ಕ ನಿಜವಾಗಬೇಕಾದರೆ ನಿದ್ದೆಯನ್ನೇ ಬಿಡಬೇಕಿತ್ತು. ಮೇಡಂ ಬರೆದುಕೊಂಡರು. ತನ್ನ ಬಗ್ಗೆ ಯಾರೋ ಇಷ್ಟು ಗಮನವಿಟ್ಟು ಬರೆದುಕೊಳ್ಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಒಂದು ಕ್ಷಣ ಅವನು ತಾನೇ ಬಣ್ಣಿಸಿದ ಮನುಷ್ಯನನ್ನು ನಂಬಿಬಿಟ್ಟ.

ಮೇಡಂ ಪೆನ್ನು ನಿಲ್ಲಿಸಿದರು.

"ನಿಮ್ಮ ಹಿಂದೆ ಮೋಟರ್ ಓಡ್ತಾ ಇರೋ ಹಾಗಿದೆ. ಸ್ವಲ್ಪ ಆಫ್ ಮಾಡ್ತೀರಾ?"

"ಮಾಡ್ತೀನಿ ಮೇಡಂ," ಎಂದ ಪ್ರಜ್ಞೇಶ್. ಎದ್ದು ಗೋಡೆಯ ಮೇಲೆ ಸ್ವಿಚ್ ಹುಡುಕಿದ. ಮೋಟರ್ ಇದ್ದ ಕಟ್ಟೆಯ ಮೇಲೆ ನಾಲ್ಕು ತುಕ್ಕು ಬೋಲ್ಟುಗಳಷ್ಟೇ ಇದ್ದವು.

ಒಂದು ಕಿವಿಯ ಇಯರ್‌ಫೋನ್ ಕಿತ್ತ. ಆ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ತಿಳಿಯಿತು, ದೂರದಲ್ಲೆಲ್ಲೋ ಲಾರಿ ನಿಂತು ಗುರುಗುಟ್ಟುವ ಹಾಗೆ. ಆಮೇಲೆ ವಾಸನೆ ಬಂತು, ಹುಳಿತ ಹುಲ್ಲಿನ ವಾಸನೆ. ಹಿಂದಿನ ಕಿಂಡಿಯಲ್ಲಿ ಬೆಳಕಿರಲಿಲ್ಲ. ಅವನು ನೋಡುತ್ತಿದ್ದಂತೆ ಕಿಂಡಿಯ ಕಪ್ಪು ನಿಧಾನವಾಗಿ ಸರಿಯಿತು, ಸುಕ್ಕುಸುಕ್ಕಾಗಿ, ಮುಗಿಯದೇ ಸರಿಯಿತು. ಆಮೇಲೆ ಮತ್ತೆ ಬೆಳಕು. ಒಣಗಿದ ಎಲೆ ಅಷ್ಟು ಬಿದ್ದಿದ್ದರೂ ಒಂದೂ ಸದ್ದು ಮಾಡಲಿಲ್ಲ.

ಫೋನ್ ಎತ್ತಿಕೊಂಡು ಮೇಡಂ ಮುಖದ ಮೇಲೆ ಬೆರಳೆಳೆದ. ಗ್ರೂಪಿನಲ್ಲಿ ಸಂದೇಶಗಳು ಒಂದರ ಮೇಲೊಂದು ಕೂತಿದ್ದವು. ಆನೆ ಸೋಲಾರ್ ಬೇಲಿಯಿಂದ ವಾಪಸ್ಸು. ಕೆರೆ ಕಡೆ ಬರುತ್ತಿದೆ. ಆಳುಗಳನ್ನು ಇಳಿಸಿ. ಇಳಿಸಿದ್ದೀರಾ, ಉತ್ತರ ಕೊಡಿ. ಅದರ ಕೆಳಗೆ ಮಾರಿಯ ಕರೆಗಳು, ಎತ್ತದೇ ಹೋದವು.

ಮೇಡಂಗೆ ಹೇಳಿಯೇ ಫೋನ್ ಇಡೋಣವೆಂದು ಪಿಸುಗುಟ್ಟಿದ.

"ಕೇಳಿಸ್ತಾ ಇಲ್ಲ ಪ್ರಜ್ಞೇಶ್," ಎಂದರು ಅವರು. "ಸ್ವಲ್ಪ ಜೋರಾಗಿ ಮಾತಾಡಿ."

ಅವನು ಕೆಂಪು ಗುಂಡಿ ಒತ್ತಿದ. ಸೀಟು ಹೋಯಿತು ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಅನ್ನಿಸಿತು, ಅದೂ ಯಾರದೋ ಸೀಟು ಎಂಬ ಹಾಗೆ. ಮಾರಿಗೆ ಫೋನ್ ಮಾಡಿದ. ಮಾರಿಯ ಫೋನು ಕೋಳಿ ಕೂಗುವ ಸದ್ದು ಮಾಡುವಂಥದ್ದು. ಕೋಳಿ ಕೂಗಿತು. ಆದರೆ ಕೆರೆ ಪ್ಲಾಟಿನಲ್ಲಲ್ಲ, ಏರಿಗೆ ಹತ್ತುವ ಕಾಲುದಾರಿಯಲ್ಲಿ, ಬಾಗಿಲಿನಿಂದ ಕೂಗಳತೆಯೊಳಗೆ. ರೈಟರು ಫೋನ್ ಎತ್ತುತ್ತಿಲ್ಲವೆಂದು ಮಾರಿ ಅವನನ್ನು ಹುಡುಕಿಕೊಂಡು ಬರುತ್ತಿದ್ದ.

ತಗಡಿನ ಸಂದಿಯಿಂದ ನೋಡಿದ. ಆನೆ ದಾರಿಗೆ ಅಡ್ಡವಾಗಿ ನಿಂತಿತ್ತು. ಬೀಸುವ ಕಿವಿ ಆ ಕೂಗು ಕೇಳಿ ನಿಂತಿತ್ತು. ಪ್ರಜ್ಞೇಶ್ ಕರೆ ಕಡಿದ. ಕೋಳಿ ಅರ್ಧಕ್ಕೆ ನಿಂತಿತು. ಮಾರಿ, ಪಾಪ, ಬಾಯಲ್ಲೇ ಉತ್ತರ ಕೊಟ್ಟ. "ರೈಟ್ರೇ, ಎಲ್ಲಿದೀರಾ?"

ಆನೆ ಆ ಕಡೆ ತಿರುಗಿತು.

ಮುಂದಿನದನ್ನು ಎಸ್ಟೇಟಿನಲ್ಲಿ ಧೈರ್ಯ ಎಂದು ಹೇಳುವವರಿದ್ದಾರೆ. ಪ್ರಜ್ಞೇಶ್ ಅದನ್ನು ಒಪ್ಪುವುದಿಲ್ಲ. ಕೈಗೆ ಇಟ್ಟಿಗೆ ಸಿಕ್ಕಿತ್ತು, ಬಾಗಿಲು ತಗಡಿನದಾಗಿತ್ತು. ಮೊದಲ ಏಟು ಹೊಡೆದ ಮೇಲೆ, ಆನೆ ತನ್ನ ಕಡೆ ಬರುತ್ತದೆಂದು ಹೊಳೆದು ನಿಲ್ಲಿಸಬೇಕೆಂದುಕೊಂಡ. ಕೈ ನಿಲ್ಲಲಿಲ್ಲ. ಬಡಿಯುತ್ತಲೇ, ಕೆಳಗೆ ಓಡು ಎಂದು ಮಾರಿಗೆ ಕೂಗಿದ. ಆನೆ ಬಂತು. ಓಡಿ ಬರಲಿಲ್ಲ, ನಡೆದು ಬಂತು. ಬಾಗಿಲ ಎದುರು ನಿಂತು ಗೋಡೆಗೆ ಒಮ್ಮೆ ಹಣೆ ಕೊಟ್ಟಿತು. ಗೋಡೆಯ ಸುಣ್ಣವೆಲ್ಲ ಇಸ್ತ್ರಿಯ ಅಂಗಿಯ ಮೇಲೆ ಸುರಿಯಿತು. ಆಮೇಲೆ ಎಷ್ಟು ಹೊತ್ತೋ ಏನೂ ಇಲ್ಲ. ಹೋಯಿತೆ, ನಿಂತಿದೆಯೆ ತಿಳಿಯುವ ಹಾಗಿರಲಿಲ್ಲ. ಕೆರೆಯಲ್ಲಿ ನೀರು ಕದಡಿದ ಸದ್ದಾದಾಗಲೇ ಅವನು ಉಸಿರು ಬಿಟ್ಟದ್ದು.

ಆಳುಗಳನ್ನು ಮಾರಿ ಮೊದಲೇ ರೋಡಿಗೆ ಕಳಿಸಿದ್ದ. ಮೇಲೇನೋ ಕೊಂಬೆ ಮುರಿದ ಸದ್ದಾಯಿತಂತೆ, ಅಷ್ಟೇ ಸಾಕಾಯಿತಂತೆ. ಓಡುವಾಗ ಕಂದಕಕ್ಕೆ ಬಿದ್ದು ಅವನ ಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಅವನ ಹೆಂಡತಿ ಕಾಂತಮ್ಮ ಕೂತಿದ್ದಳು. ಆ ಪ್ಲಾಟಿನಲ್ಲಿ ಅವಳೂ ಕುಯ್ಯುತ್ತಿದ್ದವಳು. ಸಿಟ್ಟಿಲ್ಲದೆ ಪ್ರಜ್ಞೇಶನನ್ನು ಕೇಳಿದಳು.

"ಕೆಳಗಿನ ಪ್ಲಾಟ್ ಅರ್ಧ ಇತ್ತಲ್ಲ ರೈಟ್ರೇ. ಇವತ್ತು ಯಾಕೆ ನಮ್ಮನ್ನ ಮೇಲೆ ಹಾಕಿದ್ರಿ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೊರುವ ಆಳಿಲ್ಲದೆ ಅಲ್ಲೇ ನಿಂತಿತು. ಅವನು ಇದ್ದದ್ದನ್ನು ಹೇಳಿದ, ಓದಿನ ವಿಷಯ, ನೆಟ್‌ವರ್ಕಿನ ವಿಷಯ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸೆರಗು ಸರಿಮಾಡಿಕೊಂಡು, ಮಾರಿಯನ್ನು ಒಳಗೆ ಕರೆದರೇನೋ ಎಂದು ಎದ್ದು ಹೋದಳು.

ಅದೇ ಸಂಜೆ ಕುಶಾಲಪ್ಪನವರಿಗೂ ಹೇಳಿದ, ಅವರಿಗೆ ಬೇರೆಯವರಿಂದ ತಿಳಿಯುವ ಮೊದಲು. ಅವರು ಕೆಲಸದಿಂದ ತೆಗೆಯಲಿಲ್ಲ. ಕುಯ್ಲಿನ ನಡುವೆ ರೈಟರ್ ಎಲ್ಲಿ ಸಿಗುತ್ತಾನೆ? ಯೂನಿವರ್ಸಿಟಿಯಿಂದ ಇನ್ನೊಂದೇ ಅವಕಾಶ ಕೊಡುತ್ತೇವೆಂದು ಮೇಲ್ ಬಂದಾಗ, ಬಂಗಲೆಯ ಆಫೀಸಿನಲ್ಲೇ ಕೂರು, ಅಷ್ಟು ಹೊತ್ತು ಗ್ರೂಪನ್ನು ನನ್ನ ಫೋನಿನಲ್ಲಿ ನಾನು ನೋಡಿಕೊಳ್ಳುತ್ತೇನೆ ಎಂದರು. ಅವನಿಗೆ ಬೇಕಾಗಿದ್ದದ್ದೆಲ್ಲ ಇತ್ತು, ಶಾಂತ ಕೋಣೆ, ಬೆಳಕು, ಖಾಲಿ ಗೋಡೆ. ಬರೀ ಕೇಳಿದ್ದರೆ ಮೊದಲೇ ಸಿಗುತ್ತಿತ್ತೇನೋ ಎಂಬುದನ್ನು ಅವನು ಯೋಚಿಸದಿರಲು ನೋಡಿದ.

ಉಷಾರಾಣಿ ಮೇಡಂ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಹಿಡಿದರು. ಪೇಪರುಗಳು ಗೊತ್ತಾದವು. ಸೀಟು ಅವನದಾಯಿತು ಎಂದು ಅವರು ನಗುತ್ತಲೇ ಹೇಳಿದರು. ಕೊನೆಗೆ ಏನಾದರೂ ಕೇಳುವುದಿದೆಯೇ ಎಂದಾಗ ಅವನು ಪರೀಕ್ಷೆ ಯಾವಾಗ ಬರುತ್ತದೆಂದು ಕೇಳಿದ.

"ಜನವರಿ ಕೊನೆಗೆ ಶುರುವಾಗುತ್ತೆ. ಫೆಬ್ರವರಿ ತುಂಬ ಇರುತ್ತೆ."

"ಪ್ರತಿ ವರ್ಷವೂ?"

"ಪ್ರತಿ ವರ್ಷವೂ. ಯಾಕೆ, ಆಗೇನಾದ್ರೂ ತೊಂದರೆ ಇದೆಯಾ?"

ಕಿಟಕಿಯಾಚೆ ಆಳುಗಳು ಚೀಲ ಹೊತ್ತುಕೊಂಡು ತೋಟದ ಕಡೆ ಹೊರಟಿದ್ದರು. ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಮಾರಿ ಮುಂದಿದ್ದ. ಜಗಲಿಯಲ್ಲಿ ಕುಶಾಲಪ್ಪನವರು ಕಾಫಿ ವ್ಯಾಪಾರಿಯೊಬ್ಬನ ಜೊತೆ ದರಕ್ಕೆ ಜಗಳವಾಡುತ್ತಿದ್ದರು. ಕನ್ನಡಕ ಹಣೆಯ ಮೇಲಿತ್ತು, ಫೋನು ಜಗಲಿಕಟ್ಟೆಯ ಮೇಲೆ ಮಗುಚಿ ಬಿದ್ದಿತ್ತು. ಕಾಂತಮ್ಮ ಒಮ್ಮೆ ಕಿಟಕಿಯ ಕಡೆ ನೋಡಿ ಉಳಿದವರ ಹಿಂದೆ ಗಿಡಗಳೊಳಗೆ ಹೋದಳು.

"ಇಲ್ಲ ಮೇಡಂ," ಎಂದ ಪ್ರಜ್ಞೇಶ್. "ತೊಂದರೆ ಏನಿಲ್ಲ."